ಸ್ಪ್ಯಾನಿಷ್‌ನ 'ಲವಾರ್': ತೊಳೆಯೋದಾ, ಒಗೆಯೋದಾ, ಬೆಳಗೋದಾ?

ಸಹನಾ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಾನು ಮನೆಬಳಕೆ ಯಂತ್ರಗಳ ಗ್ರಾಹಕ ಸೇವೆಯಲ್ಲಿ ಕೆಲಸ ಮಾಡ್ತೀನಿ. ಸ್ವಲ್ಪ ಸ್ಪ್ಯಾನಿಷ್ ಬರುತ್ತೆ ಅಂತ ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ, ಚಿಲಿ ಕಡೆಯ ಮೇಲ್‌ಗಳನ್ನೆಲ್ಲ ಈಗ ನನ್ನ ಪಾಲಿಗೇ ಹಾಕಿದ್ದಾರೆ. ನಮ್ಮ ಪಠ್ಯದಲ್ಲಿ 'ಲವಾರ್' ಅಂದ್ರೆ 'ತೊಳೆ' ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಆದರೆ ಮೇಲ್ ತೆರೆದ್ರೆ ಒಬ್ಬೊಬ್ಬರದೂ ಒಂದೊಂದು ಪದ. ಬಟ್ಟೆ ಒಗೆಯೋ ಯಂತ್ರಕ್ಕೆ ಮೆಕ್ಸಿಕೊದವರು 'ಲವದೋರಾ' ಅಂತಾರೆ, ಅರ್ಜೆಂಟೀನಾದವರು 'ಲವರ್ರೋಪಾಸ್' ಅಂತಾರೆ. ಸ್ಪೇನಿನ ಒಬ್ಬ ಗ್ರಾಹಕರು 'ಲವವಹೀಯಾಸ್‌ಗೆ ಯಾವ ಲವವಹೀಯಾಸ್ ಹಾಕಬೇಕು' ಅಂತ ಕೇಳಿದ್ದಾರೆ. ಈವತ್ತು ಚಿಲಿಯಿಂದ ಬಂದ ಮೇಲ್‌ನಲ್ಲಿ 'ಲವಪ್ಲಾತೊಸ್ ಕೆಳಗೆ ನೀರು ಸೋರ್ತಿದೆ' ಅಂತಿದೆ. ಪಾತ್ರೆ ತೊಳೆಯೋ ಯಂತ್ರವೋ, ಅಡುಗೆಮನೆಯ ಸಿಂಕೋ? ಉತ್ತರ ಬರೆಯೋ ಮುಂಚೆ ಗೊತ್ತಾಗಬೇಕು. ಆ ದೇಶಗಳಲ್ಲಿ ಇರೋರು, ಇದ್ದು ಬಂದೋರು ದಯವಿಟ್ಟು ಬಿಡಿಸಿ ಹೇಳಿ.

ಗ್ವಾದಲಹಾರ_ಕನ್ನಡಿಗ:
ಸಹನಾ ಅವರೇ, ಮೆಕ್ಸಿಕೊದ ಮಟ್ಟಿಗೆ ನಾನು ಹೇಳ್ತೀನಿ.

ಮೊದಲು ಉಚ್ಚಾರ. ಬರೆಯುವಾಗ ಇಂಗ್ಲಿಷಿನ 'ವಿ' ಅಕ್ಷರ, ಆದರೆ ಸ್ಪ್ಯಾನಿಷ್‌ನಲ್ಲಿ 'ಬಿ', 'ವಿ' ಎರಡಕ್ಕೂ ಒಂದೇ ಸದ್ದು. ಎರಡು ಸ್ವರಗಳ ನಡುವೆ ಬಂದಾಗ ತುಟಿ ಪೂರ್ತಿ ಮುಚ್ಚದೆ 'ಬ'ಕಾರ ಹೇಳಿದ ಹಾಗೆ ಕೇಳುತ್ತೆ. ಒತ್ತು ಕೊನೇಲಿ: ಲ-ವಾರ್. ಇಲ್ಲಿಯ ಮಕ್ಕಳೂ 'ಯಾವ ಬಿ, ದೊಡ್ಡದಾ ಚಿಕ್ಕದಾ' ಅಂತ ಟೀಚರನ್ನ ಕೇಳ್ತಾರೆ. ಗ್ರಾಹಕರ ಮೇಲ್‌ನಲ್ಲಿ ಆ ಅಕ್ಷರ ಅದಲುಬದಲಾಗಿ ಬಂದಿದ್ದರೂ ಬೇರೆ ಪದ ಅಂದ್ಕೋಬೇಡಿ, ಅದೇ ಪದ.

ಇನ್ನು ಬಳಕೆ. ಬಟ್ಟೆ, ಕಾರು, ತರಕಾರಿ, ಕೈ, ಕೂದಲು, ಹಲ್ಲು, ಎಲ್ಲಕ್ಕೂ ಲವಾರ್ ನಡೆಯುತ್ತೆ. ನಾವು ಹಲ್ಲು ಉಜ್ಜಿದರೆ ಇವರು ಹಲ್ಲು 'ತೊಳೆದುಕೊಳ್ತಾರೆ'. ಪಾತ್ರೆ ತೊಳೆಯೋಕೆ ಮೆಕ್ಸಿಕೊದಲ್ಲಿ 'ಲವಾರ್ ಲೊಸ್ ತ್ರಾಸ್ತೆಸ್' ಅಂತಾರೆ. ತ್ರಾಸ್ತೆಸ್ ಅಂದ್ರೆ ಪಾತ್ರೆ ಪಡಗ. ಕೊಲಂಬಿಯಾ, ಚಿಲಿಯಲ್ಲಿ ಅದನ್ನೇ 'ಲವಾರ್ ಲಾ ಲೋಸಾ' ಅಂತಾರೆ.

ನೀವು ಕೇಳದೇ ಇದ್ದರೂ ಒಂದು ಪದ ಹೇಳ್ಬೇಕು: 'ಲವದೇರೊ'. ಇಲ್ಲಿ ಹಳೇ ಮನೆಗಳ ಹಿತ್ತಲಲ್ಲೋ ತಾರಸಿ ಮೇಲೋ ಸಿಮೆಂಟಿನ ಕಟ್ಟೆ ಇರುತ್ತೆ. ಒಂದು ಪಕ್ಕ ನೀರು ತುಂಬಿಡೋ ತೊಟ್ಟಿ, ಇನ್ನೊಂದು ಪಕ್ಕ ಇಳಿಜಾರು ಹಲಗೆ, ಅದರ ಮೇಲೆ ಅಲೆ ಅಲೆಯಾಗಿ ಗೀರು. ಬಟ್ಟೆಗೆ ಸೋಪು ಹಚ್ಚಿ ಆ ಗೀರಿನ ಮೇಲೆ ತಿಕ್ತಾರೆ. ಹಾಗೆ ತಿಕ್ಕೋದಕ್ಕೆ 'ತಯಾರ್' ಅನ್ನೋ ಬೇರೆ ಕ್ರಿಯಾಪದವೇ ಇದೆ. ನಮ್ಮಲ್ಲಿ ಬಟ್ಟೆಯನ್ನ ಕಲ್ಲಿಗೆ ಬಡಿದು ಒಗೆಯೋದನ್ನ ನೋಡಿ ಬೆಳೆದ ನನಗೆ, ಬಡಿಯೋ ಸದ್ದೇ ಇಲ್ಲದ ಈ ಒಗೆತ ಹೊಸದು. ವಾಷಿಂಗ್ ಮಷೀನ್ ಇರೋ ಮನೆಯಲ್ಲೂ ಕಾಲರು, ಶಾಲೆ ಯೂನಿಫಾರಂ ಮಾತ್ರ ಲವದೇರೊ ಮೇಲೇ ತಿಕ್ಕೋ ಹೆಂಗಸರು ಬಹಳ ಜನ ಇದ್ದಾರೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಗೆಯೋ ಜಾಗದಲ್ಲಿ ಹುಟ್ಟೋ ಸುದ್ದಿಗೆ 'ಚೀಸ್ಮೆ ದೆ ಲವದೇರೊ' ಅಂತ ಹೆಸರು, ನಮ್ಮ ಕಟ್ಟೆ ಪುರಾಣದ ಹಾಗೆ.

ಧಾರವಾಡ_ಮಾಸ್ತರ:
ತಂಗಿ, ಇಂಗ್ಲಿಷ್ ಮೂಲಕ ಹೋದ್ರ ಇದು ಕಗ್ಗಂಟು ಆಗ್ತದ. ನೇರ ಕನ್ನಡದಿಂದ ಹೋಗ್ರಿ. ನಾನು ಸ್ಪ್ಯಾನಿಷ್ ಕಲಿಯೂ ಹುಡುಗರಿಗೆ ಹೇಳೂದು ಇದನ್ನ.

ಲವಾರ್ ಅಂದ್ರ 'ತೊಳೆ', ಲವಾರ್ಸೆ ಅಂದ್ರ 'ತೊಳೆದುಕೊಳ್ಳು'. 'ಮೆ ಲಾವೊ ಲಾಸ್ ಮಾನೊಸ್' ಅನ್ನೂದು 'ನಾನು ಕೈ ತೊಳಕೋತೀನಿ' ಅನ್ನೂದಕ್ಕ ಅಗದೀ ಹತ್ತಿರದ ವಾಕ್ಯ. ಇಂಗ್ಲಿಷಿನ್ಯಾಗ 'ನನ್ನ ಕೈ' ಅಂತ ಹೇಳಲೇಬೇಕು. ಕನ್ನಡದಾಗ ಬೇಕಾಗಿಲ್ಲ, ಯಾಕಂದ್ರ 'ಕೊಳ್ಳು' ಅನ್ನೂದರೊಳಗ ಕೈ ಯಾರದು ಅನ್ನೂದು ಬಂದುಬಿಟ್ಟದ. ಸ್ಪ್ಯಾನಿಷಿನ್ಯಾಗ ಆ ಕೆಲಸ 'ಮೆ' ಮಾಡ್ತದ. ಇಂಗ್ಲಿಷ್ ಗುಂಗಿನ್ಯಾಗ 'ಲಾವೊ ಮಿಸ್ ಮಾನೊಸ್' ಅಂತ ಬರೆದ್ರ ಅರ್ಥ ಆಗ್ತದ ಖರೆ, ಆದ್ರ ಕಿವಿಗೆ ಕೂಡೂದಿಲ್ಲ.

ಮಗುವಿನ ಕೈ ತೊಳಿಸೂದಾದ್ರ 'ಲೆ ಲಾವೊ ಲಾಸ್ ಮಾನೊಸ್'. 'ಮೆ' ಹೋಗಿ 'ಲೆ' ಬಂತು, ಉಳಿದದ್ದು ಹಂಗ ಐತಿ. 'ಕೈ ತೊಳಕೊ' ಅಂತ ಹೇಳಾಕ 'ಲಾವತೆ ಲಾಸ್ ಮಾನೊಸ್'. ಕೈ ಅಂತ ಮತ್ತ ಹೇಳದ 'ಅವನ್ನ ತೊಳಕೊ' ಅಂದ್ರ 'ಲಾವತೆಲಾಸ್', ಮೂರು ತುಂಡು ಕೂಡಿ ಒಂದು ಪದ. ಪ್ರತ್ಯಯ ಹಚ್ಚಿ ಹಚ್ಚಿ ಪದ ಉದ್ದ ಮಾಡೂದು ನಮಗೇನು ಹೊಸದಲ್ಲ.

ಎರಡನೇದು, ನೀವು ಕೊಟ್ಟ ಯಂತ್ರದ ಹೆಸರುಗಳು. ಸ್ಪ್ಯಾನಿಷಿನ್ಯಾಗ ಕ್ರಿಯಾಪದದ ಮುಂದ ವಸ್ತುವಿನ ಹೆಸರು ಬಹುವಚನದಾಗ ಹಚ್ಚಿ ಹೊಸ ಪದ ಕಟ್ತಾರ. ಲಾವಾ ಮತ್ತು ಪ್ಲಾತೊಸ್ ಕೂಡಿದ್ರ ಲವಪ್ಲಾತೊಸ್, ತಟ್ಟಿ ತೊಳಿಯೂದು. ಮಾನೊಸ್ ಕೂಡಿದ್ರ ಲವಮಾನೊಸ್, ಕೈ ತೊಳಿಯೂ ಬೇಸಿನ್. ಬಟ್ಟಿಗೆ ರೋಪಾ ಅಂತಾರ, ಕೂಡಿದ್ರ ಲವರ್ರೋಪಾಸ್. ರೋಪಾ ಒಂಟಿಯಾಗಿ ಇದ್ದಾಗ ಒಂದೇ 'ಆರ್' ಬರೀತಾರ, ಸಮಾಸದ ನಡುವ ಬಂದ ಕೂಡ್ಲೆ ಎರಡು ಬರೀತಾರ, ಗಡುಸು 'ರ'ಕಾರ ಉಳೀಬೇಕಲ್ಲ ಅದಕ್ಕ. 'ತೊಳಿಯೂದು' ಅಂದಾಗ ತೊಳಿಯೂ ಯಂತ್ರವೋ, ಜಾಗವೋ, ದ್ರವವೋ, ಮನಷ್ಯಾನೋ ಅನ್ನೂದನ್ನ ಪದ ಹೇಳೂದಿಲ್ಲ. ನಿಮ್ಮ ತೊಡಕಿನ ಬೇರು ಅಲ್ಲೇ ಐತಿ. ಒಂದೊಂದು ದೇಶ ಒಂದೊಂದನ್ನ ಹಿಡಕೊಂಡದ.

ಭಾಗ್ಯ_ಬಾರ್ಸೆಲೋನಾ:
ಮಾಸ್ತರ್ ಹೇಳಿದ್ದು ಸರಿಯಾಗಿದೆ. ಸಹನಾ, ಸ್ಪೇನಿನ ಆ ಗ್ರಾಹಕರ ಪ್ರಶ್ನೆಗೆ ಉತ್ತರ: ಇಲ್ಲಿ ಲವವಹೀಯಾಸ್ ಅಂದ್ರೆ ಪಾತ್ರೆ ತೊಳೆಯೋ ಯಂತ್ರವೂ ಹೌದು, ಪಾತ್ರೆ ತೊಳೆಯೋ ಸೋಪಿನ ದ್ರವವೂ ಹೌದು. ಯಂತ್ರಕ್ಕೆ ಯಾವ ಸೋಪು ಹಾಕಬೇಕು ಅಂತ ಕೇಳ್ತಿದ್ದಾರೆ ಅಷ್ಟೆ. ಕೈಯಲ್ಲಿ ತೊಳೆಯೋ ದ್ರವ ಹಾಕಿಬಿಟ್ಟಾರು, ಹಾಕಿದರೆ ನೊರೆ ಉಕ್ಕಿ ಅಡುಗೆಮನೆ ತುಂಬುತ್ತೆ. ಅದನ್ನ ಉತ್ತರದಲ್ಲಿ ಖಂಡಿತ ಬರೀರಿ.

ಸ್ಪೇನಿನಲ್ಲಿ ಪಾತ್ರೆಗೆ ಲವಾರ್‌ಗಿಂತ ಹೆಚ್ಚು ಕೇಳೋದು 'ಫ್ರೆಗಾರ್'. ತಿಕ್ಕಿ ತೊಳೆ ಅಂತ ಅರ್ಥ. ನಮ್ಮಲ್ಲಿ ಬಟ್ಟೆ ಒಗೆ, ಪಾತ್ರೆ ಬೆಳಗು, ನೆಲ ಸಾರಿಸು ಅಂತ ಬೇರೆ ಬೇರೆ ಇದ್ದ ಹಾಗೆ ಇವರೂ ಬೇರೆ ಮಾಡ್ತಾರೆ. ಆದರೆ ಗೆರೆ ಎಳೆಯೋ ಜಾಗ ಬೇರೆ: ಪಾತ್ರೆ, ನೆಲ ಎರಡಕ್ಕೂ ಫ್ರೆಗಾರ್, ಬಟ್ಟೆಗೆ ಲವಾರ್. ಸಿಂಕು 'ಫ್ರೆಗದೇರೊ', ನೆಲ ಒರೆಸೋ ಕೋಲು 'ಫ್ರೆಗೋನಾ'. ಹಿಂದೆ ಫ್ರೆಗೋನಾ ಅಂದ್ರೆ ಮನೆಗೆಲಸದ ಹೆಂಗಸು, ಕೀಳಾಗಿ ಕರೆಯೋ ಪದ. ಕೋಲು ಬಂದು ಆ ಕೆಲಸದ ಹೆಂಗಸರು ಮಂಡಿಯೂರೋದು ತಪ್ಪಿತು, ಹೆಸರು ಮಾತ್ರ ಕೋಲಿಗೆ ಅಂಟಿತು. ಮನೆಗೆಲಸಕ್ಕೆ ಅಂತ ಲ್ಯಾಟಿನ್ ಅಮೆರಿಕದಿಂದ ಬಂದ ಎಷ್ಟೋ ಹೆಂಗಸರನ್ನ ಇಲ್ಲಿ ದಿನಾ ನೋಡ್ತೀನಿ, ಹಾಗಾಗಿ ಆ ಪದದ ಹಳೇ ಅರ್ಥ ನನಗೆ ಚುಚ್ಚುತ್ತೆ. ಅಮೆರಿಕ ಖಂಡದ ದೇಶಗಳಿಗೆ ಬರೆಯುವಾಗ ಫ್ರೆಗಾರ್ ಬೇಡ. ಅಲ್ಲಿ ಅದಕ್ಕೆ 'ಕಾಟ ಕೊಡು, ತಲೆ ತಿನ್ನು' ಅನ್ನೋ ಅರ್ಥವೇ ಜೋರು.

ಯಂತ್ರದ ಗುಂಡಿಗಳ ವಿಷಯ ನಿಮ್ಮ ಕೆಲಸಕ್ಕೆ ಬರುತ್ತೆ. ರೆಮೋಹೊ ಅಂದ್ರೆ ನೆನೆಹಾಕೋದು, ಲವಾದೊ ಅಂದ್ರೆ ಒಗೆಯೋದು, ಸೆಂತ್ರಿಫುಗಾದೊ ಅಂದ್ರೆ ಹಿಂಡೋದು. ನಡುವೆ ಜಾಲಿಸೋದಕ್ಕೆ ಸ್ಪೇನಿನ ಯಂತ್ರದ ಮೇಲೆ 'ಅಕ್ಲರಾದೊ' ಅಂತಿರುತ್ತೆ, ಅಮೆರಿಕ ಕಡೆಯ ಯಂತ್ರದ ಮೇಲೆ 'ಎನ್‌ಹ್ವಾಗೆ' ಅಂತಿರುತ್ತೆ. ಗ್ರಾಹಕರು 'ಅಕ್ಲರಾದೊದಲ್ಲಿ ನಿಂತುಹೋಯ್ತು' ಅಂತ ಬರೆದ್ರೆ ಜಾಲಿಸೋ ಹಂತದಲ್ಲಿ ಅಂತ ತಿಳ್ಕೊಳ್ಳಿ. 'ಪೊನೇರ್ ಊನಾ ಲವದೋರಾ' ಅಂತ ಬಂದ್ರೆ ಯಂತ್ರ ಕೂರಿಸೋದಲ್ಲ, ಒಂದು ಸಲದ ಬಟ್ಟೆ ಹಾಕಿ ಓಡಿಸೋದು.

ಸಹನಾ_ಬೆಂಗಳೂರು:
ಭಾಗ್ಯ ಅಕ್ಕಾ, ಆ ಕೊನೆಯ ಸಾಲು ತುಂಬಾ ಉಪಕಾರ. 'ಕೂರಿಸಿಕೊಡಿ' ಅಂತ ಕೇಳ್ತಿದ್ದಾರೆ ಅನ್ನೋ ಅನುಮಾನದಲ್ಲಿ ಒಂದು ಮೇಲನ್ನ ಪಕ್ಕಕ್ಕಿಟ್ಟಿದ್ದೆ. 'ಲವಾಬೊ' ಅಂತಾನೂ ಒಂದಿದೆ ಅಲ್ವಾ? ಒಂದು ಕಡೆ ಬೇಸಿನ್ ಅಂತಿದೆ, ಇನ್ನೊಂದು ಕಡೆ ಶೌಚಾಲಯ ಅಂತಿದೆ.

ಭಾಗ್ಯ_ಬಾರ್ಸೆಲೋನಾ:
ಎರಡೂ ಸರಿ. ಮುಖ ತೊಳೆಯೋ ಬೇಸಿನ್‌ಗೆ ಲವಾಬೊ ಅಂತಾರೆ. ಹೋಟೆಲ್‌ನಲ್ಲಿ 'ಲವಾಬೊ ಎಲ್ಲಿದೆ' ಅಂತ ಕೇಳಿದ್ರೆ ಸ್ಪೇನಿನವರು ಶೌಚಾಲಯ ತೋರಿಸ್ತಾರೆ. ನಮ್ಮಲ್ಲಿ 'ಬಾತ್‌ರೂಮ್ ಎಲ್ಲಿ' ಅಂತ ಕೇಳೋದಿಲ್ವಾ, ಹಾಗೆ.

ಅದರ ಹುಟ್ಟು ನನಗೆ ಬಹಳ ಇಷ್ಟ. ಲವಾಬೊ ಅನ್ನೋದು ಲ್ಯಾಟಿನ್ ಕ್ರಿಯಾಪದ, ಭವಿಷ್ಯತ್ ಕಾಲ, ಉತ್ತಮ ಪುರುಷ: 'ನಾನು ತೊಳೆಯುವೆನು'. ಹಳೆಯ ಲ್ಯಾಟಿನ್ ಪೂಜೆಯಲ್ಲಿ ಪಾದ್ರಿ ಬೆರಳು ತೊಳೆದುಕೊಳ್ಳುವಾಗ ಕೀರ್ತನೆಯ ಒಂದು ಸಾಲು ಹೇಳ್ತಿದ್ರು, ನಿರ್ದೋಷಿಗಳ ನಡುವೆ ನನ್ನ ಕೈಗಳನ್ನು ತೊಳೆಯುವೆನು ಅಂತ. ಹಳೆಯ ಲ್ಯಾಟಿನ್ ಬೈಬಲಿನಲ್ಲಿ ಅದು 25ನೇ ಕೀರ್ತನೆ, ಈಗಿನ ಎಣಿಕೆಯಲ್ಲಿ 26. ಸಾಲಿನ ಮೊದಲ ಪದವೇ ಆ ವಿಧಿಯ ಹೆಸರಾಯ್ತು, ವಿಧಿಯ ಹೆಸರು ಪಾತ್ರೆಗೆ ಬಂತು, ಪಾತ್ರೆಯಿಂದ ಬಚ್ಚಲಿನ ಬೇಸಿನ್‌ಗೆ ಇಳೀತು. ನಮ್ಮ ರೈಲು ಡಬ್ಬಿಯ ಬಾಗಿಲ ಮೇಲೆ ಬರೀತಿದ್ದ 'ಲ್ಯಾವೆಟರಿ' ಕೂಡ ಇದೇ ಲ್ಯಾಟಿನ್ ಬೇರಿನದು.

ಪಂಪಾ_ಪಯಣಿಗ:
ಅರ್ಜೆಂಟೀನಾ ಹೆಸರು ಬಂದಿದ್ದಕ್ಕೆ ಬಂದೆ. ಓದೋಕೆ ಅಂತ ಬ್ಯೂನಸ್ ಐರಿಸ್‌ನಲ್ಲಿದ್ದೋನು. ಲವರ್ರೋಪಾಸ್ ಅರ್ಜೆಂಟೀನಾ, ಉರುಗ್ವೆ ಎರಡೂ ಕಡೆ ನಡೆಯುತ್ತೆ. ಅಲ್ಲಿ 'ನೀನು' ಅನ್ನೋಕೆ 'ತು' ಬದಲು 'ವೊಸ್', ಹಾಗಾಗಿ 'ಲಾವಸ್' ಹೋಗಿ 'ಲವಾಸ್' ಆಗುತ್ತೆ, 'ಲಾವತೆ' ಹೋಗಿ 'ಲವಾತೆ' ಆಗುತ್ತೆ. ಒತ್ತು ಮಾತ್ರ ಸರಿಯುತ್ತೆ. ಸಿಂಕಿಗೆ ಅವರು 'ಪಿಲೇತಾ' ಅಂತಾರೆ. ಬೀದಿಯಲ್ಲಿ 'ಲವದೇರೊ' ಬೋರ್ಡ್ ಕಂಡರೆ ಗ್ವಾದಲಹಾರದವರು ಹೇಳಿದ ಸಿಮೆಂಟ್ ಕಟ್ಟೆ ಅಲ್ಲ, ದುಡ್ಡು ಕೊಟ್ಟು ಬಟ್ಟೆ ಒಗೆಸೋ ಅಂಗಡಿ. ಕಾರು ತೊಳೆಯೋ ಜಾಗವೂ ಲವದೇರೊನೇ.

ಆದರೆ ಆ ದೇಶದಲ್ಲಿ ಈ ಪದ ನನಗೆ ಹತ್ತಿದ್ದು ಮಾತೆ ಕುಡಿಯುವಾಗ. ಮಾತೆ ಅಂದ್ರೆ ಯೆರ್ಬಾ ಅನ್ನೋ ಒಣ ಎಲೆಪುಡಿಯನ್ನ ಸೋರೆ ಬುರುಡೆಯಂಥ ಲೋಟಕ್ಕೆ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಲ್ಲಿ ಹೀರೋದು. ಒಬ್ಬರು ನೀರು ಹೊಯ್ದು ಕೊಡ್ತಾರೆ, ಅವರಿಗೆ ಸೆಬದೋರ್ ಅಂತ ಹೆಸರು. ಒಂದೇ ಲೋಟ ಸುತ್ತು ಹೊಡೆಯುತ್ತೆ. ಬೇಡ ಅನ್ನಿಸಿದಾಗ ಮಾತ್ರ 'ಗ್ರಾಸಿಯಾಸ್' ಅನ್ನಬೇಕು. ಮೊದಲ ಲೋಟಕ್ಕೇ ಮರ್ಯಾದೆಗೆ ಅಂತ ಧನ್ಯವಾದ ಹೇಳಿದ್ರೆ ಮುಂದಿನ ಸುತ್ತು ನಿಮ್ಮ ಹತ್ತಿರ ಬರೋದಿಲ್ಲ. ಹೊಯ್ದು ಹೊಯ್ದು ಎಲೆಯ ಸತ್ವ ಎಲ್ಲ ಹೋಗಿ ಕಡ್ಡಿ ಮೇಲೆ ತೇಲೋಕೆ ಶುರುವಾದಾಗ, ನೊರೆ ಸತ್ತು ನೀರು ಸಪ್ಪೆಯಾದಾಗ, ಯಾರಾದರೂ ಅಂತಾರೆ: 'ಎಸ್ತಾ ಲವಾದೊ'. ತೊಳೆದುಹೋಗಿದೆ ಅಂತ. ಆಗ ಒಂದಷ್ಟು ಹಳೇ ಎಲೆ ತೆಗೆದು ಹೊಸದು ಸೇರಿಸ್ತಾರೆ, ಅದಕ್ಕೆ 'ಎನ್ಸಿಯಾರ್', ಕುದುರೆಗೆ ಜೀನು ಹಾಕೋದು ಅನ್ನೋ ಪದ. ಬಯಲು ಸೀಮೆಯ ಕುದುರೆ ಸವಾರರ ಕುಡಿತ ಅಲ್ವಾ, ಪದವೂ ಅಲ್ಲಿಂದಲೇ.

ಕಾಫಿತೋಟ_ಕಳಸ:
ಲವಾದೊ ಅಂದ ಕೂಡಲೇ ನಾನೂ ಬರೀಲೇಬೇಕಾಯ್ತು. ನಮ್ಮ ಕಾಫಿ ಬೆಳೆಗಾರರಿಗೆ ಈ ಪದ ಚೀಲದ ಮೇಲೆ, ಪ್ಯಾಕೆಟ್ ಮೇಲೆ ಕಾಣುತ್ತೆ: 'ಕಫೆ ಲವಾದೊ'. ಇಲ್ಲಿ ಸಪ್ಪೆ ಅನ್ನೋ ಅರ್ಥ ಇಲ್ಲವೇ ಇಲ್ಲ, ಇದು ಒಳ್ಳೇ ಕಾಫಿಯ ಲಕ್ಷಣ.

ನಮ್ಮಲ್ಲಿ ಹಣ್ಣನ್ನ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ರೆ ಚೆರಿ, ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ರೆ ಪಾರ್ಚ್‌ಮೆಂಟ್. ತೊಳೆದ ಅರೇಬಿಕಾ ಕ್ಯೂರಿಂಗ್ (ಪೊರೆ ತೆಗೆದು ವಿಂಗಡಿಸೋದು) ಆದಮೇಲೆ 'ಪ್ಲಾಂಟೇಶನ್' ಹೆಸರಲ್ಲಿ ಮಾರಾಟ ಆಗುತ್ತೆ. ಕೊಲಂಬಿಯಾದ ರೈತನೂ ಮಾಡೋದು ಇದನ್ನೇ. ಪಲ್ಪರ್‌ಗೆ ಅವನು 'ದೆಸ್ಪುಲ್ಪದೋರಾ' ಅಂತಾನೆ, ಪಾರ್ಚ್‌ಮೆಂಟ್‌ಗೆ 'ಪೆರ್ಗಮೀನೊ' ಅಂತಾನೆ. ಪಾರ್ಚ್‌ಮೆಂಟ್, ಪೆರ್ಗಮೀನೊ ಎರಡರ ಅರ್ಥವೂ ಒಂದೇ, ಹಿಂದೆ ಬರೆಯೋಕೆ ಬಳಸ್ತಿದ್ದ ಚರ್ಮದ ಹಾಳೆ. ಬೀಜದ ಮೇಲಿನ ಆ ತೆಳು ಗರಿಗರಿ ಪೊರೆ ಹಾಗೆ ಕಾಣುತ್ತೆ ಅಂತ.

ತೊಳೆಯೋ ಹದ ಮುಖ್ಯ. ಪಲ್ಪರ್‌ನಿಂದ ಬಂದ ಬೀಜದ ಮೇಲೆ ಲೋಳೆ ಇರುತ್ತೆ. ತೊಟ್ಟಿಯಲ್ಲಿ ಹುಳಿ ಬರೋಕೆ ಬಿಡ್ತೀವಿ. ಎಷ್ಟು ಹೊತ್ತು ಅನ್ನೋದನ್ನ ಗಡಿಯಾರ ಹೇಳಲ್ಲ, ಚಳಿ ಇದ್ದರೆ ತಡ, ಬಿಸಿಲಿದ್ದರೆ ಬೇಗ. ಒಂದು ಹಿಡಿ ತೆಗೆದು ನೀರಲ್ಲಿ ಉಜ್ಜಿ ನೋಡ್ತೀವಿ. ಜಾರದೆ ಕರಕರ ಅಂದ್ರೆ ಆಯ್ತು ಅಂತ ಲೆಕ್ಕ. ಕೊಲಂಬಿಯಾದವರು ತೊಟ್ಟಿಯ ರಾಶಿಗೆ ಕೋಲು ಚುಚ್ಚಿ ಎಳೀತಾರೆ, ತೂತು ಮುಚ್ಚಿಕೊಳ್ಳದೆ ನಿಂತರೆ ತೊಳೆಯೋ ಹೊತ್ತು. ತಡ ಮಾಡಿದರೆ ಹುಳಿ ಹೆಚ್ಚಾಗಿ ಕಾಫಿ ಕೆಟ್ಟ ವಾಸನೆ ಹೊಡೆಯುತ್ತೆ, ಬೇಗ ತೊಳೆದರೆ ಲೋಳೆ ಉಳಿದು ಒಣಗುವಾಗ ಬೂಷ್ಟು ಹಿಡಿಯುತ್ತೆ.

ನೀರಿನ ಮಾತೂ ಹೇಳ್ತೀನಿ. ಹಳೇ ಪದ್ಧತಿಯಲ್ಲಿ ಒಂದು ಕೆಜಿ ಒಣ ಪಾರ್ಚ್‌ಮೆಂಟ್‌ಗೆ ಸುಮಾರು 40 ಲೀಟರ್ ನೀರು ಅಂತ ಕೊಲಂಬಿಯಾದಲ್ಲಿ ಲೆಕ್ಕ. ಅಲ್ಲಿಯ ಕಾಫಿ ಸಂಶೋಧನಾ ಕೇಂದ್ರ ಸೆನಿಕಫೆ, ತೊಟ್ಟಿಯಲ್ಲೇ ನಾಲ್ಕು ಸಲ ಜಾಲಿಸೋ ಕ್ರಮ ಕಲಿಸಿ ಅದನ್ನ ನಾಲ್ಕೈದು ಲೀಟರ್‌ಗೆ ಇಳಿಸಿತು. ಲೋಳೆಯನ್ನ ಯಂತ್ರದಲ್ಲೇ ತಿಕ್ಕಿ ತೆಗೆಯೋ ಅವರ 'ಬೆಕೊಲ್ಸುಬ್' ವಿಧಾನದಲ್ಲಿ ಇನ್ನೂ ಕಮ್ಮಿ, ಒಂದು ಲೀಟರ್ ಆಸುಪಾಸು. ಆ ಜಾಲಿಸೋದಕ್ಕೂ ಭಾಗ್ಯ ಅವರು ಹೇಳಿದ 'ಎನ್‌ಹ್ವಾಗೆ' ಅನ್ನೋ ಪದವೇ. ನಮ್ಮ ಹಳ್ಳಗಳಿಗೆ ಪಲ್ಪಿಂಗ್ ನೀರು ಸೇರಿ ಮೀನು ಸತ್ತದ್ದನ್ನ ನೋಡಿದವರು ನಾವು. ಈ ನಾಲ್ಕು ಜಾಲಿಸುವಿಕೆ ನಮ್ಮ ಸಣ್ಣ ಬೆಳೆಗಾರರಿಗೂ ತಲುಪಬೇಕು ಅನ್ನೋದು ನನ್ನ ಆಸೆ.

ಬ್ಯಾಂಕ್_ಪ್ರಸನ್ನ:
ನಾನು ಬ್ಯಾಂಕ್ ವಹಿವಾಟು ತಪಾಸಣೆ ಮಾಡೋನು, ಲ್ಯಾಟಿನ್ ಅಮೆರಿಕದ ಸುದ್ದಿ, ಕೋರ್ಟ್ ಕಾಗದ ಓದೋದು ದಿನದ ಕೆಲಸ. ನಮ್ಮ ಕಡೆ ಲವಾದೊ ಅಂದ್ರೆ ಒಂದೇ: 'ಲವಾದೊ ದೆ ದಿನೇರೊ', ದುಡ್ಡು ತೊಳೆಯೋದು. ಕನ್ನಡ ಪತ್ರಿಕೆಗಳು ಬರೆಯೋ 'ಹಣ ಅಕ್ರಮ ವರ್ಗಾವಣೆ'. ನನಗೆ ಆ ಅನುವಾದ ಅಷ್ಟು ಹಿಡಿಸಲ್ಲ, ವರ್ಗಾವಣೆ ಆಗದೆಯೂ ಹಣ ತೊಳೆಯಬಹುದು. ನಮ್ಮ ಜನ ಆಡೋ 'ಕಪ್ಪುಹಣ ಬಿಳಿ ಮಾಡೋದು' ಅನ್ನೋದೇ ನೇರ.

ಸ್ಪೇನಿನವರೂ ಹಾಗೇ ಹೇಳ್ತಾರೆ ಅನ್ನೋದು ಸ್ವಾರಸ್ಯ. ಅಲ್ಲಿ ಕಾನೂನಿನ ಪದ 'ಬ್ಲಾಂಕೇಯೊ ದೆ ಕಪಿತಾಲೆಸ್'. ಬ್ಲಾಂಕೊ ಅಂದ್ರೆ ಬಿಳಿ. 2010ರ 10ನೇ ಕಾಯ್ದೆಯ ಹೆಸರಲ್ಲೇ ಅದಿದೆ. ಅರ್ಜೆಂಟೀನಾದ 2000ದ ಕಾಯ್ದೆ, 25,246ನೇದು, 'ಲವಾದೊ ದೆ ಆಕ್ತೀವೊಸ್' ಅನ್ನುತ್ತೆ, ಆಸ್ತಿ ತೊಳೆಯೋದು. ಕೊಲಂಬಿಯಾ, ಪೆರುವಿನಲ್ಲೂ ಅದೇ. ಮೆಕ್ಸಿಕೊದ 2012ರ ಕಾನೂನಿಗೆ ಉದ್ದನೆಯ ಹೆಸರಿದ್ದರೂ ಜನರ ಬಾಯಲ್ಲಿ 'ಲೇಯ್ ಆಂತಿಲವಾದೊ'.

ಇಲ್ಲೊಂದು ಕಡೆ ಎಚ್ಚರ ಬೇಕು. ಅರ್ಜೆಂಟೀನಾದ ಪತ್ರಿಕೆಯಲ್ಲಿ 'ಬ್ಲಾಂಕೇಯೊ' ಅಂತ ಕಂಡರೆ ಅದು ಅಪರಾಧ ಅಲ್ಲ. ಬಚ್ಚಿಟ್ಟ ಹಣವನ್ನ ಘೋಷಿಸಿ ಸಕ್ರಮ ಮಾಡಿಕೊಳ್ಳಿ ಅಂತ ಸರ್ಕಾರವೇ ಕೊಡೋ ಅವಕಾಶ. 2016ರಲ್ಲಿ ಒಂದು ಬಂತು, ಆಗ 11,600 ಕೋಟಿ ಡಾಲರ್‌ಗೂ ಹೆಚ್ಚು ಆಸ್ತಿ ಘೋಷಣೆ ಆಯ್ತು. 2024ರಲ್ಲಿ ಇನ್ನೊಂದು ಬಂತು. ಹಾಗಾಗಿ ಬ್ಯೂನಸ್ ಐರಿಸ್‌ನವನು 'ಬ್ಲಾಂಕೇಯೊದಲ್ಲಿ ಭಾಗವಹಿಸಿದೆ' ಅಂದ್ರೆ ತಲೆ ಎತ್ತಿಕೊಂಡು ಹೇಳ್ತಾನೆ. ಮ್ಯಾಡ್ರಿಡ್‌ನವನು ಅದನ್ನೇ ಹೇಳಿದ್ರೆ ತಪ್ಪೊಪ್ಪಿಗೆ.

ಬ್ರೆಜಿಲ್‌ನ 'ಲಾವಾ ಜಾತೊ' ಹಗರಣದ ಹೆಸರೂ ಈ ಕುಟುಂಬದ್ದೇ, ಪೋರ್ಚುಗೀಸ್‌ನಲ್ಲಿ ನೀರು ಚಿಮ್ಮಿಸಿ ಕಾರು ತೊಳೆಯೋ ಜಾಗ. 2014ರಲ್ಲಿ ಬ್ರೆಸೀಲಿಯಾದ ಒಂದು ಪೆಟ್ರೋಲ್ ಬಂಕ್ ಸುತ್ತ ತನಿಖೆ ಶುರುವಾಗಿ ಆ ಹೆಸರು ಬಂತು. ಪೆರುವಿನ ಮಾಜಿ ಅಧ್ಯಕ್ಷ ಅಲೆಹಾಂದ್ರೊ ತೊಲೇದೊ ಅವರಿಗೆ 2024ರಲ್ಲಿ 20 ವರ್ಷ 6 ತಿಂಗಳ ಶಿಕ್ಷೆ ಆಗಿದ್ದು ಅದೇ ಜಾಲದ ಪ್ರಕರಣದಲ್ಲಿ. ಇನ್ನು ಕೊಲಂಬಿಯಾದಲ್ಲಿ 'ಲವಪೆರ್ರೊಸ್' ಅಂದ್ರೆ ಪದಶಃ ನಾಯಿ ತೊಳೆಯೋನು. ಮಾದಕವಸ್ತು ದಂಧೆಯ ಧಣಿಗಳ ಕೈಕೆಳಗಿನ ಚೇಲಾಗಳಿಗೆ ಆ ಹೆಸರು.

ಹೊಸ_ಕಲಿಕೆ_ಮೈಸೂರು:
ಸರ್, 'ಲವಾರ್ಸೆ ಲಾಸ್ ಮಾನೊಸ್' ಅಂದ್ರೆ ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳೋದು ಅಂತಾನೂ ಇದೆಯಲ್ಲ? ನಮ್ಮಲ್ಲೂ ಅದೇ ಇದೆ. ಹಾಗಾದರೆ ಗಾದೆ, ನುಡಿಗಟ್ಟುಗಳನ್ನೂ ಕನ್ನಡದಿಂದ ನೇರ ದಾಟಿಸಬಹುದಾ?

ಧಾರವಾಡ_ಮಾಸ್ತರ:
ತಮ್ಮಾ, ಕೆಲವು ದಾಟ್ತಾವ, ಕೆಲವು ನಡುನೀರಿನ್ಯಾಗ ಕೈ ಬಿಡ್ತಾವ. ಬೈಬಲಿನ ಮತ್ತಾಯನ ಸುವಾರ್ತೆ 27ನೇ ಅಧ್ಯಾಯದಾಗ, ಯೇಸುವಿನ ವಿಚಾರಣಿ ಮಾಡಿದ ರೋಮನ್ ಅಧಿಕಾರಿ ಪಿಲಾತ ಜನರ ಮುಂದ ನೀರು ತಗೊಂಡು ಕೈ ತೊಳಕೊಂಡು 'ಇವನ ರಕ್ತಕ್ಕ ನಾನು ಹೊಣಿ ಅಲ್ಲ' ಅಂದ. ಸ್ಪ್ಯಾನಿಷಿನ ಮಾತು ಅಲ್ಲಿಂದ ಬಂದದ. 'ಯೊ ಮೆ ಲಾವೊ ಲಾಸ್ ಮಾನೊಸ್' ಅಂದ್ರ 'ನನಗೂ ಇದಕ್ಕೂ ಸಂಬಂಧ ಇಲ್ಲ'. ಆದ್ರ ಕನ್ನಡದಾಗ 'ಕೈ ತೊಳಕೊಂಡು ಬೆನ್ನು ಹತ್ತ್ಯಾನ' ಅಂತನೂ ಅಂತೀವಿ. ಅದರ ಅರ್ಥ ಪೂರಾ ಉಲ್ಟಾ, ಬಿಡದ ಬೆನ್ನಿಗೆ ಬಿದ್ದಾನ ಅಂತ. ಅದನ್ನ ಸ್ಪ್ಯಾನಿಷಿಗೆ ಪದಕ್ಕ ಪದ ಇಟ್ಟರ ಕೇಳಿದವ್ರಿಗೆ ದಿಕ್ಕು ತಪ್ತದ.

'ಲಾ ರೋಪಾ ಸೂಸಿಯಾ ಸೆ ಲಾವಾ ಎನ್ ಕಾಸಾ' ಅಂತ ಒಂದು ಗಾದಿ. ಹೊಲಸು ಅರಿಬಿ ಮನಿಯಾಗ ಒಗೀಬೇಕು ಅಂತ. ನಮ್ಮಲ್ಲಿ ಅದಕ್ಕ ಅರಿಬಿ ಬೇಕಾಗಿಲ್ಲ, 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಸಾಕು. ಅವ್ರ ಗಾದಿ ಮನಿ ಜಗಳ ಮುಚ್ಚು ಅಂತದ. ನಮ್ಮದು ಅಷ್ಟಕ್ಕ ನಿಲ್ಲೂದಿಲ್ಲ, ಜಡ್ಡು ಮಾತ್ರ ಮುಚ್ಚಬ್ಯಾಡ ಅಂತನೂ ಹೇಳ್ತದ.

ಗ್ವಾದಲಹಾರ_ಕನ್ನಡಿಗ:
ಇದಕ್ಕೆ ಸೇರಿಸ್ತೀನಿ, ಮಾಸ್ತರ್. 'ಊನಾ ಮಾನೊ ಲಾವಾ ಲಾ ಓತ್ರಾ' ಅಂತಲೂ ಕೇಳ್ತೀರಿ, ಒಂದು ಕೈ ಇನ್ನೊಂದನ್ನ ತೊಳೆಯುತ್ತೆ. ಒಳ್ಳೇ ಅರ್ಥದಲ್ಲಿ ಪರಸ್ಪರ ಸಹಾಯ, ಆಫೀಸುಗಳ ವಿಷಯಕ್ಕೆ ಬಂದರೆ 'ನೀನು ನನಗೆ ಮಾಡು, ನಾನು ನಿನಗೆ ಮಾಡ್ತೀನಿ' ಅನ್ನೋ ಒಳ ಒಪ್ಪಂದ. 'ಲವಾದೊ ದೆ ಕಾರಾ' ಅಂದ್ರೆ ಮುಖ ತೊಳೆಯೋದು, ಹಳೇ ಕಟ್ಟಡಕ್ಕೆ ಸುಣ್ಣ ಬಣ್ಣ ಹೊಡೆಸೋದಕ್ಕೆ ಹೇಳ್ತಾರೆ.

ಪಂಪಾ_ಪಯಣಿಗ:
'ಲವಾದೊ ದೆ ಸೆರೇಬ್ರೊ', ಬ್ರೈನ್‌ವಾಶ್. ಇದು ಸ್ಪ್ಯಾನಿಷ್‌ನ ಸ್ವಂತ ಹುಟ್ಟಲ್ಲ, ಚೀನೀ ಭಾಷೆಯ 'ಮಿದುಳು ತೊಳೆ' ಅನ್ನೋ ಮಾತು 1950ರಲ್ಲಿ ಇಂಗ್ಲಿಷಿಗೆ ಬಂದು ಅಲ್ಲಿಂದ ಎಲ್ಲ ಕಡೆ ಹರಡಿದ್ದು. ಅರ್ಜೆಂಟೀನಾದಲ್ಲಿ ಮಿದುಳಿನ ಬದಲು ತಲೆ ಅಂತಲೂ ಹೇಳ್ತಾರೆ: 'ಲೆ ಲವಾರೊನ್ ಲಾ ಕಬೇಸಾ', ಅವನ ತಲೆಗೆ ತುಂಬಿದ್ದಾರೆ ಅಂತ. ಆದರೆ ಸಲೂನಿನಲ್ಲಿ ಅದೇ ವಾಕ್ಯಕ್ಕೆ ತಲೆ ತೊಳೆದರು ಅಂತಷ್ಟೇ ಅರ್ಥ. ಎಲ್ಲಿ ಹೇಳಿದ್ರು ಅನ್ನೋದನ್ನ ನೋಡ್ಕೊಳ್ಳಿ.

ಭಾಗ್ಯ_ಬಾರ್ಸೆಲೋನಾ:
ಕಲಿಯೋರಿಗೆ ಇನ್ನೆರಡು. 'ಲವತೀವಾ' ಅಂದ್ರೆ ಎನಿಮಾ. ಲವಾರ್‌ನ ಹತ್ತಿರ ಇದೆ ಅಂತ ಸೋಪಿಗೋ ಯಂತ್ರಕ್ಕೋ ಬಳಸಬೇಡಿ. 'ಲವಂದೇರಾ' ಅಂದ್ರೆ ಬಟ್ಟೆ ಒಗೆಯೋ ಹೆಂಗಸು, ಜೊತೆಗೆ ಒಂದು ಹಕ್ಕಿ. ನೀರಿನಂಚಲ್ಲಿ ಬಾಲ ಮೇಲೆ ಕೆಳಗೆ ಆಡಿಸುತ್ತಾ ಓಡಾಡೋ ನಮ್ಮ ಕುಂಡೆಕುಸ್ಕ. ಹಿಂದಿಯಲ್ಲೂ ಅದಕ್ಕೆ 'ಧೋಬಿನ್' ಅಂತಾರೆ. ಹೊಳೆದಂಡೆಯಲ್ಲಿ ಒಗೆಯೋ ಹೆಂಗಸರ ಪಕ್ಕದಲ್ಲೇ ಆ ಹಕ್ಕಿ ಇರೋದನ್ನ ಎರಡೂ ಕಡೆಯವರು ಕಂಡಿದ್ದಾರೆ.

ಮ್ಯಾಡ್ರಿಡ್‌ಗೆ ಬಂದರೆ 'ಲವಪ್ಯೇಸ್' ಬಡಾವಣೆಗೆ ಹೋಗಿ. ಮಾಸ್ತರ್ ಹೇಳಿದ ಸಮಾಸವೇ, ಕಾಲು ತೊಳೆಯೋದು. ಬಾಂಗ್ಲಾದೇಶದವರು ಬಹಳ ಜನ ಅಲ್ಲಿ ನೆಲೆಸಿದ್ದಾರೆ, ಸಾಲಾಗಿ ಭಾರತೀಯ ಊಟದ ಹೋಟೆಲ್‌ಗಳಿವೆ.

ಸಹನಾ_ಬೆಂಗಳೂರು:
ಇಷ್ಟೆಲ್ಲ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಚಿಲಿ ಗ್ರಾಹಕರದು ಇನ್ನೂ ಬಾಕಿ ಇದೆ. ಅಲ್ಲಿ ಲವಪ್ಲಾತೊಸ್ ಅಂದ್ರೆ ಯಾವುದು ಅಂತ ಖಚಿತವಾಗಿ ಯಾರಾದ್ರೂ ಹೇಳಿ. ಇನ್ನೊಂದು ಮೇಲ್‌ನಲ್ಲಿ 'ಲವಸೇಕೊಗೆ ಕೊಟ್ಟಿದ್ದೆ' ಅಂತಾನೂ ಇದೆ.

ಪಂಪಾ_ಪಯಣಿಗ:
ಚಿಲಿಯಲ್ಲಿ ಲವಪ್ಲಾತೊಸ್ ಅಂದ್ರೆ ಸಿಂಕು. ಕೊಲಂಬಿಯಾದಲ್ಲೂ ಸಾಮಾನ್ಯವಾಗಿ ಸಿಂಕೇ. ಯಂತ್ರಕ್ಕೆ ಲವವಹೀಯಾಸ್ ಅಂತಾರೆ. ಪೆರುವಿನಿಂದ ಬಂದ ಮೇಲ್‌ನಲ್ಲಿ ಸಿಂಕಿಗೆ 'ಲವದೇರೊ' ಅಂತಿರುತ್ತೆ. ಮೆಕ್ಸಿಕೊ, ಸ್ಪೇನಿನವರು ಲವಪ್ಲಾತೊಸ್ ಅಂದ್ರೆ ಯಂತ್ರ ಅಂತ ಹಿಡೀಬಹುದು. ಲವಸೇಕೊ ಅಂದ್ರೆ ಚಿಲಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ, ಸ್ಪೇನಿನವರು ಅದಕ್ಕೆ ತಿಂತೊರೆರೀಯ, ಬಣ್ಣ ಹಾಕೋ ಅಂಗಡಿ ಅಂತಾರೆ. 'ಲವಸೆಕದೋರಾ' ಅಂತಿದ್ದರೆ ಮಾತ್ರ ಒಗೆದು ಒಣಗಿಸೋ ನಿಮ್ಮ ಯಂತ್ರ.

ಸಹನಾ_ಬೆಂಗಳೂರು:
ಹಾಗಾದ್ರೆ ಸೋರ್ತಿರೋದು ಸಿಂಕಿನ ಕೆಳಗೆ. ನಮ್ಮ ಯಂತ್ರದ ಕೊಳವೆಯನ್ನ ಸಿಂಕಿನ ಪೈಪಿಗೆ ಜೋಡಿಸಿರ್ತಾರೆ, ನೀರು ಅಲ್ಲಿಂದಲೇ ಬರ್ತಿರಬಹುದು. 'ಯಂತ್ರದ ಕೊಳವೆಯಿಂದ ನೀರು ಬರ್ತಿದೆಯಾ, ಸಿಂಕಿನ ಪೈಪಿನಿಂದ ಬರ್ತಿದೆಯಾ' ಅಂತ ಕೇಳಬೇಕು.

ಪಂಪಾ_ಪಯಣಿಗ:
ಹೀಗೆ ಬರೀರಿ: 'ಎಲ್ ಆಗ್ವಾ ಸಾಲೆ ದೆ ಲಾ ಮಂಗೇರಾ ದೆಲ್ ಲವವಹೀಯಾಸ್ ಓ ದೆಲ್ ತೂಬೊ ದೆಲ್ ಲವಪ್ಲಾತೊಸ್?' ಮಂಗೇರಾ ಅಂದ್ರೆ ಬಾಗೋ ಕೊಳವೆ. ಕೆಳಗೆ ಒಂದು ಫೋಟೊ ಕಳಿಸಿ ಅಂತಲೂ ಕೇಳಿಬಿಡಿ.